ಮೂರನೆಯ ಕಲ್ಲು

ಚಮನಸಾಬನ ಗಲ್ಲದ ಮೇಲೆ ರಕ್ತ ಕಾಣುವ ತನಕ ಮಾಶಾಬಿಯ ಹೊಟ್ಟೆ ತಣ್ಣಗಾಗುವುದಿಲ್ಲ ಎಂಬುದು ತಿಕೋಟಾದ ಅವಳ ಓಣಿಗೆಲ್ಲ ಗೊತ್ತಿತ್ತು. ಆಗಬೇಕಾದರೂ ಯಾಕೆ? ವಿಜಯಪುರದಲ್ಲಿ ಅವನದು ಕ್ಷೌರದ ಕತ್ತಿ, ಮಸೆಗಲ್ಲು ಮಾರುವ ಅಂಗಡಿ. ಹನ್ನೊಂದು ವರ್ಷ ಆ ಅಂಗಡಿಯ ಕತ್ತಿಗಳನ್ನೆಲ್ಲ ಮಸೆದು ಕೊಟ್ಟವಳು ಇವಳು. ಬ್ಲೇಡು ಬಂದ ಮೇಲೆ ಮೂಲೆ ಸೇರಿದ್ದ ಹಳೇ ಕತ್ತಿ ಈಗ ಮತ್ತೆ ಪೇಟೆಯ ಹುಡುಗರ ಶೋಕಿಯಾಗಿದೆಯಲ್ಲ, ಅದರಿಂದ ಇಬ್ಬರ ಒಲೆಯೂ ಉರಿಯುತ್ತಿತ್ತು.

ಹೋದ ಲಗ್ನದ ಹಂಗಾಮಿನಲ್ಲಿ ಆ ಅಂಗಡಿಯ ಕತ್ತಿಯಿಂದ ಒಬ್ಬ ಮದುಮಗನ ಗಲ್ಲ ಕೊಯ್ದುಹೋಯಿತು. ಮಾಶಾಬಿ ಆ ವಾರವೆಲ್ಲ ಜ್ವರ ಬಂದು ಮಲಗಿದ್ದಳು, ಒಂದು ಕತ್ತಿಯನ್ನೂ ಮುಟ್ಟಿರಲಿಲ್ಲ. ಮಸೆದವನು ಚಮನಸಾಬನೇ, ಅವನದೇ ಕಲ್ಲಿನ ಮೇಲೆ. ಆದರೆ ನೆರೆದ ಮಂದಿಗೆ ಅವನು ಹೇಳಿದ್ದೇನು? "ಮಾಶಾಬಿ ಮಸದದ್ದರಿ ಇದು. ಹೆಂಗಸರ ಕೈ, ಇನ್ನೇನ ಹೇಳೂದು!" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು. ಅಂದಿನಿಂದ ತಿಕೋಟಾ ಬಬಲೇಶ್ವರದ ನಡುವೆ ಒಬ್ಬ ಕ್ಷೌರಿಕನೂ ಅವಳಿಗೆ ಕತ್ತಿ ಕೊಡಲಿಲ್ಲ. ಅಪ್ಪ ಕಲಿಸಿದ ಕೈ ಅದು, ಗಂಡ ಸತ್ತ ಮೇಲೆ ಮನೆ ನಡೆಸಿದ ಕೈ. ಅದಕ್ಕೆ ಇಂಥ ಹೆಸರು!

"ಬಿಡ್ರಿ ಅತ್ತಿ, ಅಲ್ಲಾ ನೋಡ್ಕೋತಾನ," ಎಂದಳು ಸೊಸೆ ನಿಖತ.

"ಅವನೂ ನೋಡ್ಲಿ ಬೇ. ನಾನೂ ನೋಡಾಕಿ ಅದೇನಿ."

ಮರುದಿನವೇ ಅವಳು ಮೂರು ಮಸೆಗಲ್ಲು ಸಿದ್ಧಮಾಡಲು ಕೂತಳು. ಒರಟು ಕೆಲಸಕ್ಕೆ ಇಬ್ರಾಹಿಂಪುರದ ವರ್ಕ್‌ಶಾಪಿನಿಂದ ತಂದ ಒಡೆದ ಸಾಣೆಚಕ್ರದ ತುಂಡು. ನಡುವಿನದಕ್ಕೆ ಅಪ್ಪನ ಕಾಲದ ಮಸೆಗಲ್ಲು. ಕೊನೆಯ ನುಣುಪಿಗೆ, ಮಕ್ಕಳ ಪಾಟಿ ಮಾಡುತ್ತಾರಲ್ಲ, ಆ ಜಾತಿಯ ದಪ್ಪ ಕರಿಕಲ್ಲು. ಕಲ್ಲು ತರುವುದು ದೊಡ್ಡದಲ್ಲ, ಅದನ್ನು ಸಪಾಟು ಮಾಡುವುದೇ ದೊಡ್ಡದು. ಎರಡೇ ಕಲ್ಲು ಒಂದಕ್ಕೊಂದು ತಿಕ್ಕಿದರೆ ಒಂದಕ್ಕೆ ಹೊಟ್ಟೆ ಬರುತ್ತದೆ, ಇನ್ನೊಂದಕ್ಕೆ ಕುಳಿ ಬೀಳುತ್ತದೆ. ಹೊಟ್ಟೆ ಕುಳಿಯೊಳಗೆ ಸರಿಯಾಗಿ ಕೂತು, ನಾವಿಬ್ಬರೂ ಸಪಾಟು ಅಂತ ಸುಳ್ಳು ಹೇಳುತ್ತವೆ. ಮೂರನೆಯದು ಬಂದಾಗಲೇ ಸುಳ್ಳು ಹೊರಬೀಳುವುದು. ಅದಕ್ಕೇ ಮೂರನ್ನೂ ಸರದಿ ಬದಲಿಸುತ್ತಾ ತಿಕ್ಕಬೇಕು, ಒರಟು ಹರಳು ಅಂಟದಂತೆ ಸರದಿಗೊಮ್ಮೆ ತೊಳೆಯಬೇಕು. ಚಮನಸಾಬನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅವನು ಎರಡೇ ತಿಕ್ಕಿ ಜೋಡಿ ಜೋಡಿಯಾಗಿ ಮಾರುತ್ತಿದ್ದ.

ಮಾಶಾಬಿ ಹದಿನೇಳು ದಿನ ತಿಕ್ಕಿದಳು. ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆಯುವುದು, ಗೆರೆಯೆಲ್ಲ ಒಂದೇ ಸಲಕ್ಕೆ ಅಳಿಸುವ ತನಕ ತಿಕ್ಕುವುದು. ಒಂದು ಸಲ ತಿಕ್ಕಿದರೆ ಒಂದು ಬೈಗುಳ. ಬೆರಳ ತುದಿ ಸವೆದು ರೊಟ್ಟಿ ಮುರಿಯುವಾಗ ಖಾರ ಹತ್ತಿ ಉರಿಯುತ್ತಿತ್ತು. ಉರಿಯಲಿ, ಆ ಉರಿಯೇ ಅವಳಿಗೆ ಬೇಕಾಗಿತ್ತು.

ಬಬಲೇಶ್ವರದ ಸಂತೆಯಲ್ಲಿ ಬೇವಿನ ಮರದ ಕೆಳಗೆ ಕೂರುವ ಕ್ಷೌರಿಕರು ಹಳೇ ಮಂದಿ, ಬ್ಲೇಡು ಮುಟ್ಟುವವರಲ್ಲ. ಅವರದೊಂದು ರಿವಾಜಿದೆ. ಕಲ್ಲು ಮಾರಲು ಬಂದವನು ಆ ಕಲ್ಲಿನಲ್ಲಿ ಮಸೆದ ಕತ್ತಿಗೆ ಮೊದಲು ತನ್ನ ಗಲ್ಲ ಕೊಡಬೇಕು; ನಡುವೆ ಎದ್ದುಹೋದವನು ಮತ್ತೆ ಆ ಸಂತೆಯಲ್ಲಿ ಕಲ್ಲು ಮಾರುವಂತಿಲ್ಲ. ಚಮನಸಾಬ ಪ್ರತಿಸಲ ಅಂಗಡಿಯಿಂದಲೇ ಮಸೆದ ಕತ್ತಿ ತಂದು ಕೂರುತ್ತಿದ್ದ. ಮಸೆದವರು ಯಾರು? ಮಾಶಾಬಿ! ಅವಳ ಹದದಿಂದ ಬೋಳಿಸಿಕೊಂಡು ತನ್ನ ಡೊಂಕು ಕಲ್ಲು ಮಾರುತ್ತಿದ್ದ, ಭಂಡ.

ಕಲ್ಲು ಸಿದ್ಧವಾದ ಮೇಲಿನ ಸಂತೆಯ ದಿನ ಅವನು ಕಲ್ಲು ಹರವಿ ಕೂತಿದ್ದಾಗ ಮಾಶಾಬಿ ಎದುರಿಗೆ ಬಂದು ನಿಂತಳು. ಹಿರಿಯ ಕ್ಷೌರಿಕ ಶಿವಯೋಗೆಪ್ಪನನ್ನು ಕರೆದು, ತನ್ನ ಕರಿಕಲ್ಲಿನ ಮೇಲೆ ಅವನ ಜೋಡಿಯ ಒಂದು ಕಲ್ಲಿಟ್ಟಳು. ಅದು ಗಡಗಡ ಅಲ್ಲಾಡಿತು. ಇನ್ನೊಂದನ್ನಿಟ್ಟಳು. ನಡುವಿನ ಸಂದಿಯಲ್ಲಿ ಬೆಳಕು ಕಾಣಿಸಿತು.

"ಅಣ್ಣಾ, ಇವತ್ತ ಇಂವ ಇಲ್ಲೇ ಮಸೀಲಿ. ಎಲ್ಲಾರ ಮುಂದ, ತನ್ನ ಕಲ್ಲಿನ ಮ್ಯಾಲ."

"ಭಾಭಿ, ಸಂತ್ಯಾಗ ಯಾಕ ಜಗಳಾ?" ಎಂದ ಚಮನಸಾಬ.

"ಜಗಳಾ ಯಾರು ಮಾಡಾಕತ್ತಾರ? ಗಲ್ಲ ಕೇಳಾಕತ್ತೇನಿ."

"ಖರೇ ಅದ," ಎಂದ ಶಿವಯೋಗೆಪ್ಪ. "ರಿವಾಜ ಅಂದ್ರ ರಿವಾಜ. ಕುಂದ್ರಲೇ."

ಚಮನಸಾಬ ಮಸೆದ. ಹತ್ತು ಜೋಡಿ ಕಣ್ಣು ಅವನ ಕೈಮೇಲೆ. ಶಿವಯೋಗೆಪ್ಪ ಅವನ ಗಲ್ಲಕ್ಕೆ ನೀರು ಹಚ್ಚಿ ಕತ್ತಿ ಇಟ್ಟದ್ದೇ ತಡ, ಅದು ಕೂದಲಿಗೆ ಸಿಕ್ಕಿ ಜಗ್ಗಿತು. ಚಮನಸಾಬ ಮುದುಕನ ಮುಂಗೈ ಹಿಡಿದುಕೊಂಡ. ಮಾಶಾಬಿ ತನ್ನ ಕಲ್ಲುಗಳ ಮೇಲೆ ಮಸೆದು ತಂದಿದ್ದ ಕತ್ತಿಯನ್ನು ಬಿಚ್ಚಿ ಮುಂದೆ ಹಿಡಿದಳು.

"ಇದ ಬೇಕೇನು? ಹಂಗಾರ ಬಾಯಿಬಿಟ್ಟು ಹೇಳು. ಮದುಮಗನ ಗಲ್ಲ ಕೊಯ್ದ ಕತ್ತಿ ಯಾರು ಮಸದಿದ್ರು?"

"ಭಾಭಿ..."

"ಜೋರಾಗಿ!"

"ನಾನಽ ಮಸದಿದ್ನಿ," ಎಂದ ಚಮನಸಾಬ. "ನಿನ್ನ ಮ್ಯಾಲ ಹಾಕಿದ್ನಿ. ನಿಂದಽ ಕೊಡು ತಾಯೀ."

ಮರದ ಕೆಳಗೆ ಗುಸುಗುಸು ಎದ್ದಿತು. ಕ್ಷೌರಿಕರು ಒಬ್ಬೊಬ್ಬರೇ ಎದ್ದು ಬಂದು ತಮ್ಮ ಕತ್ತಿಗಳನ್ನೆಲ್ಲ ಅವಳ ಚೀಲಕ್ಕೆ ಹಾಕಿದರು, ಮಸೆದುಕೊಡವ್ವಾ ಎಂದರು. ಕೊನೆಗೆ ಶಿವಯೋಗೆಪ್ಪನೂ ತನ್ನದನ್ನು ಹಾಕಿದ. ಆಮೇಲೆ ಅವಳ ಕತ್ತಿ ತೆಗೆದುಕೊಂಡು ಚಮನಸಾಬನ ಎಡಗಲ್ಲ ಬೋಳಿಸಿದ. ಒಂದು ಹನಿ ರಕ್ತ ಬರಲಿಲ್ಲ. ರಕ್ತಕ್ಕಾಗಿ ಹದಿನೇಳು ದಿನ ತಿಕ್ಕಿದ್ದವಳಿಗೆ ಈಗ ಅದು ಬೇಕೆನಿಸಲೂ ಇಲ್ಲ.

ಎಡಗಲ್ಲ ಮುಗಿದದ್ದೇ ಮಾಶಾಬಿ ಕೈ ಚಾಚಿ ಕತ್ತಿ ಇಸಿದುಕೊಂಡಳು. ಒರೆಸಿದಳು, ಮಡಚಿದಳು, ಚೀಲಕ್ಕೆ ಹಾಕಿದಳು.

"ಭಾಭಿ, ಇನ್ನೊಂದ ಗಲ್ಲ?"

"ಅದನ್ನ ನಿನ್ನ ಕಲ್ಲಿಗೆ ಬಿಟ್ಟೀನಿ," ಎಂದು ಅವಳು ತಿಕೋಟಾದ ಜೀಪು ಹತ್ತಿದಳು.

ಅರ್ಧ ಗಡ್ಡ ಹೊತ್ತುಕೊಂಡು ಚಮನಸಾಬ ಕ್ಷೌರಿಕರ ಸಾಲಿನುದ್ದಕ್ಕೂ ಕೈಮುಗಿಯುತ್ತ ಹೋದ. ಒಬ್ಬೊಬ್ಬರೂ ಖಾಲಿ ಪೆಟ್ಟಿಗೆ ತೆರೆದು ತೋರಿಸಿದರು.

"ಕತ್ತಿ ಎಲ್ಲಿ ಅದಾವೋ ಯಪ್ಪಾ?" ಎಂದ ಶಿವಯೋಗೆಪ್ಪ. "ಎಲ್ಲಾ ಮಾಶಾಬಿ ಕೂಡ ಹೋದ್ವು."