ಇಲಿಗಳಿಗೆ ತಂದ ಎಣ್ಣೆ

ಮೇಷ್ಟ್ರ ಹೆಂಡತಿಗೆ ಕೋಪ ಮೂಗಿನ ತುದಿಯಲ್ಲೇ. ಹಾಲಿನವನಿಂದ ಹಿಡಿದು ಸಂಸ್ಥೆಯ ನಿರ್ದೇಶಕರವರೆಗೆ ಯಾರನ್ನೂ ಬಿಟ್ಟವಳಲ್ಲ. ಲ್ಯಾಬಿನ ಇಲಿಗಳ ಮುಂದೆ ಮಾತ್ರ ಬೆಣ್ಣೆ. ಆಕೆ ಜೀವರಸಾಯನ ವಿಜ್ಞಾನಿ. ಮೈಯಲ್ಲಿ ವಿಟಮಿನ್ ಎ ಕಡಿಮೆಯಾದರೆ ಲಿವರ್ ಕೊಬ್ಬನ್ನು ಹೇಗೆ ಸಂಭಾಳಿಸುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನುಹತ್ತಿ ತಲೆ ನರೆಸಿಕೊಂಡವಳು. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಕೇಳಿ ಮೇಷ್ಟ್ರು ಅರ್ಥವಾದವರಂತೆ ತಲೆಯಾಡಿಸಿದ್ದರು. ಶಾಲೆಯಿಂದ ನಿವೃತ್ತರಾದ ಮೇಲೂ ಆಡಿಸುತ್ತಲೇ ಇದ್ದರು. ಇಲಿಗಳ ಸುದ್ದಿ ಹೇಳುವಾಗ ಆಕೆಯ ಮುಖ ಅರಳುತ್ತಿತ್ತು. ಅವರಿಗೆ ಅಷ್ಟು ಸಾಕಾಗಿತ್ತು.

ಈ ಸಲದ ಪ್ರಯೋಗ ಮೇಷ್ಟ್ರಿಗೂ ತಿಳಿಯುವಷ್ಟು ಸರಳ. ಒಂದು ಗುಂಪಿನ ಇಲಿಗಳಿಗೆ ವಿಟಮಿನ್ ಹಾಕಿದ ಮೇವು, ಇನ್ನೊಂದಕ್ಕೆ ಹಾಕದ್ದು. ಉಳಿದದ್ದೆಲ್ಲ ಒಂದೇ. ಮೇವಿಗೆ ಕಲಸುವ ಎಣ್ಣೆಯಲ್ಲೂ ವಿಟಮಿನ್ನಿನ ಸೋಂಕಿರಬಾರದು. ಲ್ಯಾಬಿಗೆ ಬರಬೇಕಾದ ಎಣ್ಣೆ ತಡವಾದಾಗ ಆಕೆ ಗಂಡನ ಕೈಗೆ ಕ್ಯಾನು ಕೊಟ್ಟು, "ರೀ, ಗಾಣದ ಎಣ್ಣೇನೇ ತನ್ನಿ, ಬೇರೆ ಬೇಡ" ಅಂದಿದ್ದಳು.

ಹೋದರೆ ಗಾಣದ ಬಾಗಿಲು ಹಾಕಿತ್ತು. ಬರಿಗೈಲಿ ಹಿಂದಿರುಗಿದರೆ ಮಂಗಳಾರತಿ ಖಂಡಿತ. ಮೇಷ್ಟ್ರು ಪಕ್ಕದ ಅಂಗಡಿಯಲ್ಲಿ ಮನೆಗೆ ಕೊಳ್ಳುವ ಪ್ಯಾಕೆಟ್ ಎಣ್ಣೆಯನ್ನೇ ಕೊಂಡು, ಅಲ್ಲೇ ಕತ್ತರಿಸಿ ಕ್ಯಾನಿಗೆ ಸುರಿದು ತಂದುಬಿಟ್ಟರು. ಗಾಣದ್ದೋ ಪ್ಯಾಕೆಟ್ಟಿನದೋ, ಇಲಿಗೇನು ಗೊತ್ತಾಗುತ್ತದೆ ಎಂದುಕೊಂಡು ಆಮೇಲೆ ಮರೆತೂಬಿಟ್ಟರು.

ತಿಂಗಳುಗಳು ಕಳೆದು ಒಂದು ಸಂಜೆ ಹೆಂಡತಿ ಬಂದವಳೇ ಬ್ಯಾಗನ್ನು ಕುರ್ಚಿಗೆ ಎಸೆದಳು.

"ವಿಟಮಿನ್ನೇ ಕೊಡದ ಇಲಿಗಳ ರಕ್ತದಲ್ಲಿ ಬೇಕಾದಷ್ಟು ವಿಟಮಿನ್! ಆ ಗುಬ್ಬಚ್ಚಿ ಎರಡು ಮೇವನ್ನೂ ಬೆರಕೆ ಮಾಡಿದಾಳೆ. ಕೇಳಿದ್ರೆ ಇಲ್ಲ ಅಂತಾಳೆ. ನಾಳೆ ಮೀಟಿಂಗಲ್ಲೇ ಹೇಳಿ ಅವಳನ್ನ ತೆಗೆದುಹಾಕ್ತೀನಿ."

ಗುಬ್ಬಚ್ಚಿ ಎಂದರೆ ಆಕೆಯ ಸಂಶೋಧನಾ ವಿದ್ಯಾರ್ಥಿನಿ. ಸಣಕಲು ಹುಡುಗಿ, ಇಲಿಗಳು ಬೆದರದಿರಲಿ ಎಂದು ಮನುಷ್ಯರ ಹತ್ತಿರವೂ ಪಿಸುಗುಟ್ಟುವವಳು.

ಹೆಂಡತಿ ಮುಖ ತೊಳೆಯಲು ಹೋದಾಗ ಫೋನು ಬಂತು. ಗುಬ್ಬಚ್ಚಿಯೇ. ಅತ್ತು ಅತ್ತು ಗಂಟಲು ಕಟ್ಟಿತ್ತು.

"ಅಂಕಲ್, ಮೇಡಂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಏನಾದ್ರೂ ತಿನ್ನಿಸಿ."

ತನ್ನ ಬಗ್ಗೆ ಒಂದು ಮಾತೂ ಆಡದೆ ಫೋನು ಇಟ್ಟುಬಿಟ್ಟಳು.

ಮೇಷ್ಟ್ರು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು. ಬಾಣಲೆಗೆ ಎಣ್ಣೆ ಬಿಡಲು ಪ್ಯಾಕೆಟ್ ಎತ್ತಿದರೆ, ಮೂಲೆಯಲ್ಲಿ ಸಣ್ಣ ಅಕ್ಷರ: ವಿಟಮಿನ್ ಎ ಸೇರಿಸಲಾಗಿದೆ. ಅವತ್ತು ಕ್ಯಾನಿಗೆ ಸುರಿದದ್ದೂ ಇದೇ ಎಣ್ಣೆ. ಬಾಯಿ ಮುಚ್ಚಿಕೊಂಡಿದ್ದರೆ ಈ ಜನ್ಮದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಹೆಂಡತಿಯ ಕಣ್ಣಲ್ಲಿ ತಮ್ಮ ಗತಿ ಏನು? ಒಂದು ಗಳಿಗೆ ಹಾಗೇ ನಿಂತರು, ನಿಜ. ಆದರೆ ಆ ಹುಡುಗಿ ಅಷ್ಟು ಅಳುತ್ತಲೂ ಊಟದ ಮಾತನ್ನೇ ಆಡಿದ್ದಳಲ್ಲ. ಒಲೆ ಆರಿಸಿ, ಪ್ಯಾಕೆಟ್ಟನ್ನು ಹೆಂಡತಿಯ ಮುಂದಿಟ್ಟರು.

"ಅವತ್ತು ಗಾಣ ಮುಚ್ಚಿತ್ತು ಕಣೇ. ನಾನು ತಂದಿದ್ದು ಇದು."

ಆಕೆ ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ಮೇಷ್ಟ್ರು ಗುಡುಗಿಗೆ ಕಾದರು. ಗುಡುಗಲಿಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಟುಹೋದಳು. ಅಂದು ಮೇಷ್ಟ್ರಿಗೆ ಪೇಪರು ಓದಿದರೆ ತಲೆಗೆ ಹತ್ತಲಿಲ್ಲ.

ಮಧ್ಯಾಹ್ನ ಮತ್ತೆ ಗುಬ್ಬಚ್ಚಿಯ ಫೋನು. ಈಗ ಪಿಸುಮಾತಿಲ್ಲ, ಹೆಚ್ಚುಕಡಿಮೆ ಕೂಗಾಟ.

"ಅಂಕಲ್, ಮೇಡಂ ಎಲ್ಲರ ಮುಂದೇನೇ ಹೇಳಿದ್ರು, ಎಣ್ಣೇಲಿ ವಿಟಮಿನ್ ಇತ್ತು, ಪರೀಕ್ಷೆ ಮಾಡದೆ ಬಳಸಿದ್ದು ನಂದೇ ತಪ್ಪು ಅಂತ. ನನ್ನ ಕೈ ಹಿಡ್ಕೊಂಡು ಕ್ಷಮಿಸು ಅಂದ್ರು! ಪ್ರಯೋಗ ಮೊದಲಿಂದ ಮಾಡ್ತೀವಿ, ಇಬ್ರೂ ಸೇರಿ."

ಸಂಜೆ ಹೆಂಡತಿ ಬಂದು ಕೂತಾಗ ಮೇಷ್ಟ್ರು ಮೆಲ್ಲಗೆ ಕೇಳಿದರು. "ತಂದಿದ್ದು ನಾನು ಅಂತ ಯಾಕೆ ಹೇಳ್ಲಿಲ್ಲ?"

"ಲ್ಯಾಬಿನೊಳಗೆ ಬರೋ ಉಪ್ಪನ್ನೂ ನಾನು ಪರೀಕ್ಷೆ ಮಾಡದೆ ಮುಟ್ಟಲ್ಲ. ಇಷ್ಟು ವರ್ಷದಲ್ಲಿ ಇದೊಂದನ್ನ ಮಾಡ್ಲಿಲ್ಲ." ಆಕೆ ದನಿ ಏರಿಸಲಿಲ್ಲ. "ನೀವು ತಂದಿದ್ರಲ್ಲ, ಅದಕ್ಕೆ."

ಅದರ ಬದಲು ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಷ್ಟ್ರ ಕಣ್ಣು ತುಂಬಿ ಬಂತು. ಆಕೆ ನೋಡಿದರೂ ನೋಡದವಳಂತೆ ಪಕ್ಕಕ್ಕೆ ಸರಿದು ಅವರಿಗೆ ಜಾಗ ಮಾಡಿಕೊಟ್ಟಳು.