ಎಳೆ ಅಂದರೆ ಎಳೆ ಅಲ್ಲ

ಆ ಕೇಬಲ್ ಕಾರ್ಖಾನೆಯಲ್ಲಿ ಒಂದು ಮಾತು ಓಡಾಡುತ್ತಿತ್ತು: ಸೊಸೆ ಹೊಸೀತಾಳೆ, ಅತ್ತೆ ಹರೀತಾಳೆ. ಅತ್ತೆಯನ್ನು ಹೀಗೆ ಏಕವಚನದಲ್ಲಿ ಅನ್ನಬಹುದೇ ಅಂತ ಕೇಳಬೇಡಿ, ಇದು ಅವರ ಬೆನ್ನ ಹಿಂದೆ ಆಡುವ ಮಾತು. ಎದುರಿಗೆ ಆಡುವ ಗಂಡೆದೆ ಅಲ್ಲಿ ಯಾರಿಗೂ ಇರಲಿಲ್ಲ. ಸೊಸೆ ಸಮುದ್ರದ ತಳದಲ್ಲಿ ಹಾಸುವ ಕೇಬಲ್ಲುಗಳ ವಿನ್ಯಾಸ ಮಾಡುವವಳು. ಅತ್ತೆ ಅದೇ ಕಾರ್ಖಾನೆಯ ಪರೀಕ್ಷಾ ಶೆಡ್ಡಿನಲ್ಲಿ ಎಳೆಯುವ ಯಂತ್ರ ನಡೆಸುವವರು. ಸೊಸೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಏನು ಮಾಡಿದರೂ ಕೊನೆಗೆ ಅದು ಅತ್ತೆಯ ಯಂತ್ರಕ್ಕೆ ಬಂದು, ಎರಡೂ ತುದಿ ಕಚ್ಚಿಸಿಕೊಂಡು, ಫಟ್ ಅನ್ನುವ ತನಕ ಎಳೆಸಿಕೊಳ್ಳಬೇಕು. ಹರಿದ ಮೇಲೆ ಅತ್ತೆ ಕೈಗವಸು ಕಳಚುತ್ತಾ, "ಇದೂ ಹೋಯ್ತು" ಅನ್ನುವರು. ಆ ದನಿಯಲ್ಲಿ ಒಂದು ಚಿಟಿಕೆ ಖುಷಿ ಇರುತ್ತದೆ ಅಂತ ಸೊಸೆಗೆ ಮೊದಲಿಂದಲೂ ಗುಮಾನಿ.

ಸಮುದ್ರದ ಕೇಬಲ್ ಅಂದರೆ ಜನ ಆನೆಯ ಸೊಂಡಿಲು ಇದ್ದಂತೆ ಇರುತ್ತದೆ ಅಂದುಕೊಳ್ಳುತ್ತಾರೆ. ದಡದ ಹತ್ತಿರ ಅದು ದಪ್ಪವೇ ಸರಿ. ಅಲ್ಲಿ ಲಂಗರು, ಬಲೆ, ಬಂಡೆ ಎಲ್ಲದರ ಕಾಟ. ಆಳಕ್ಕೆ ಹೋದಹಾಗೆ ಸೊರಗುತ್ತಾ ಸೊರಗುತ್ತಾ ಕೊನೆಗೆ ಹೆಬ್ಬೆರಳಿನಷ್ಟಾಗುತ್ತದೆ. ಒಳಗೆ ಕೂದಲಿನಂಥ ಗಾಜಿನ ಎಳೆಗಳು. ನೀವು ನಾವು ಫೋನಿನಲ್ಲಿ ಆಡುವ ಜಗಳವೆಲ್ಲ ಬೆಳಕಾಗಿ ಓಡುವುದು ಆ ಎಳೆಗಳಲ್ಲೇ. ಅವುಗಳ ಸುತ್ತ ಮೆತ್ತನೆಯ ಅಂಟು, ಅದರ ಸುತ್ತ ಉಕ್ಕಿನ ತಂತಿ, ತಾಮ್ರದ ಕೊಳವೆ, ಮೇಲೊಂದು ಪ್ಲಾಸ್ಟಿಕ್ ಅಂಗಿ. ಅಷ್ಟು ಆಳದಲ್ಲಿ ಕಚ್ಚುವವರಿಲ್ಲ, ಕೀಳುವವರಿಲ್ಲ. ಅಲ್ಲಿ ಕೇಬಲ್ಲಿನ ಶತ್ರು ಅದರ ತೂಕವೇ. ಹಡಗಿನಿಂದ ಇಳಿಬಿಡುವಾಗ ಮೈಲಿಗಟ್ಟಲೆ ಕೇಬಲ್ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದಲ್ಲ, ಅದೇ ಅದರ ಅಗ್ನಿಪರೀಕ್ಷೆ.

ಹಾಗಾದರೆ ಭಾರವನ್ನೇ ಇಳಿಸೋಣ ಅಂತ ಸೊಸೆ ಹೊರಟಳು. ಉಕ್ಕಿನ ತಂತಿಯ ಒಂದು ಸುತ್ತನ್ನೇ ತೆಗೆದುಹಾಕಿದಳು, ಉಳಿದ ಸುತ್ತಿಗೆ ಇನ್ನೂ ಗಟ್ಟಿ ಉಕ್ಕು ಹಾಕಿಸಿದಳು. ಇದನ್ನು ಕೇಳಿ ಮುಖ್ಯ ವಿನ್ಯಾಸಕರಿಗೆ ಮೈಯೆಲ್ಲ ಉರಿಯಿತು. ಅವರಿಗೆ ಕಾರ್ಖಾನೆಯವರು ಇಟ್ಟ ಹೆಸರು ದಪ್ಪಸ್ವಾಮಿ. ಆಸಾಮಿ ನೋಡಲು ಒಣಕಲು ಕಡ್ಡಿ, ಆದರೆ ಯಾವ ನಕ್ಷೆ ತೋರಿಸಿದರೂ "ಸ್ವಲ್ಪ ದಪ್ಪ ಮಾಡಿ" ಅನ್ನುವವರು.

"ತೆಳ್ಳಗಿದ್ರೆ ಕಿತ್ಕೊಂಡು ಹೋಗುತ್ತಮ್ಮಾ," ಅಂದರು ಅವರು. "ನೋಡೋಣ, ಪರೀಕ್ಷೆ ಮಾಡ್ಸು. ಪಾಸಾದ್ರೆ ನಿಂದೇ ಕೇಬಲ್ಲು. ಇಲ್ಲಾಂದ್ರೆ ನಮ್ಮ ಹಳೇ ದಪ್ಪದ್ದೇ. ನಿಂಗೂ ಮನಸ್ಸಿಗೆ ನೆಮ್ಮದಿ ಇರೋ ಕೆಲಸ ಕೊಡ್ತೀನಿ. ಡ್ರಮ್ಮುಗಳಿಗೆ ಯಾವ ಬಣ್ಣ ಬಳೀಬೇಕು ಅಂತ ನೋಡ್ಕೊಂಡಿರು."

ಕೇಬಲ್ ಸುತ್ತಿ ಕಳಿಸುವ ಡ್ರಮ್ಮುಗಳಿಗೆ ಬಣ್ಣ! ಸೊಸೆಗೆ ಅಂದು ಊಟ ಸೇರಲಿಲ್ಲ.

ಪರೀಕ್ಷೆಯ ದಿನ ಕೇಬಲ್ ಕೊಳ್ಳುವ ಕಂಪನಿಯ ಪರೀಕ್ಷಕರು ಬಂದರು. ದಪ್ಪ ಕನ್ನಡಕದ, ಮಿತಭಾಷಿ ಮನುಷ್ಯ. ಯಂತ್ರ ನಡೆಸುವವರು ವಿನ್ಯಾಸಕಿಯ ಅತ್ತೆ ಅಂತ ಗೊತ್ತಾದೊಡನೆ ಅವರು ಹುಬ್ಬು ಗಂಟಿಕ್ಕಿದರು.

"ಸಂಬಂಧಿಕರು ಅಂದ್ರೆ ಸ್ವಲ್ಪ ಮೆತ್ತಗೆ ಎಳೆದಾರು ಅಂತ..."

"ಅತ್ತೆ? ಸೊಸೆಗೆ? ಮೆತ್ತಗೆ?" ಅಂದರು ದಪ್ಪಸ್ವಾಮಿ. "ಸಾರ್, ತಮಗೆ ಮದುವೆ ಆಗಿಲ್ವೇ?"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ಪರೀಕ್ಷಕರು ಸಮಾಧಾನವಾಗಿ, ಕಿವಿ ಮುಚ್ಚುವ ಬಟ್ಟಲುಗಳನ್ನು ಏರಿಸಿಕೊಂಡು ಬೆಳಕಿನ ಮೀಟರಿನ ಪರದೆ ಮುಂದೆ ಸೊಸೆಯ ಪಕ್ಕ ಕೂತರು.

ಶೆಡ್ಡು ರೈಲ್ವೆ ಪ್ಲಾಟ್‌ಫಾರಂ ಇದ್ದಹಾಗೆ ಉದ್ದ. ಒಂದು ಕೊನೆಯ ಗಾಜಿನ ಗೂಡಿನಲ್ಲಿ ಸೊಸೆ, ಇನ್ನೊಂದು ಕೊನೆಯಲ್ಲಿ ಯಂತ್ರದ ಚಕ್ರ ಹಿಡಿದ ಅತ್ತೆ. ನಡುವೆ ಕೇಬಲ್ ತುಂಡು, ಎರಡೂ ತುದಿಗೆ ಕಬ್ಬಿಣದ ಹಿಡಿಕೆ. ಹಿಡಿಕೆಯಾಚೆ ಅತ್ತೆಯ ಕೈಯಳತೆಯಲ್ಲೇ ಗಾಜಿನ ಎಳೆಗಳ ತುದಿಗಳನ್ನು ಬಿಚ್ಚಿ ಜೋಡಿಸಿದ ತಟ್ಟೆ. ಮಾತೆಲ್ಲ ಮೈಕಿನಲ್ಲಿ, ಅದೋ, ಏನಂದರೂ ಕರಕರ ಅಗಿದು ಉಗುಳುವ ಮುದಿ ಮೈಕು. ಸೊಸೆ "ಎಳೀರಿ ಅತ್ತೆ" ಅಂದರೆ ಅತ್ತೆ ಒಂದು ಹಂತ ಎಳೆಯುವುದು, "ಸಾಕು ಅತ್ತೆ" ಅಂದರೆ ನಿಲ್ಲಿಸುವುದು. ಹಾಗೆ ಹಂತ ಹಂತವಾಗಿ ನಿಂತು ನಿಂತು ಎಳೆತ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಬೇಕು, ಅಲ್ಲಿಯತನಕ ಯಾವ ಎಳೆಯಲ್ಲೂ ಬೆಳಕು ಕುಗ್ಗಬಾರದು.

"ಎಳೀರಿ ಅತ್ತೆ," ಅಂದಳು ಸೊಸೆ.

ಯಂತ್ರ ಗುಂಯ್ ಅಂತು. ಇನ್ನೂ ಮೊದಲ ಹಂತ, ಪರದೆಯ ಮೇಲೆ ಕಿತ್ತಳೆ ಬಣ್ಣದ ಎಳೆಯ ಬೆಳಕು ಸರ್ರನೆ ಇಳಿಯಿತು. ಸೊಸೆ ಮೈಕಿನತ್ತ ಕೈಚಾಚಿದಳು. ತಟ್ಟೆಯಲ್ಲಿ ಎಳೆ ಎಲ್ಲೋ ಕಳಚಿರಬೇಕು, ಅತ್ತೆ ಬಗ್ಗಿ ನೋಡಿದರೆ ಸಾಕು. ಪೂರ್ತಿ ವಾಕ್ಯ ಕಟ್ಟಲು ಯಾರಿಗೆ ಪುರುಸೊತ್ತು? ಮೈಕಿಗೆ ಬಾಯಿ ಹಚ್ಚಿ ಕೂಗಿಯೇಬಿಟ್ಟಳು:

"ಅತ್ತೇ, ಎಳೆ! ಎಳೆ! ಎಳೆ ಅತ್ತೇ!"

ಸ್ಪ್ಯಾನರ್ ಹಿಡಿದವನ ಕೈ ಸ್ಪ್ಯಾನರಿನಲ್ಲೇ ನಿಂತಿತು. ಸೊಸೆ ಎಂಬುವವಳು ಅತ್ತೆ ಎಂಬುವವರಿಗೆ, ಅಷ್ಟು ಜನರೆದುರಿಗೆ, ಮೈಕಿನಲ್ಲಿ, ಮೂರು ಸಲ "ಎಳೆ" ಅಂದಿದ್ದಳು. ಎಳೀರಿ ಅಲ್ಲ. ಎಳೆ. ಎತ್ತಿಗೆ ಹೇಳಿದಹಾಗೆ!

ಅತ್ತೆಯ ಮುಖ ಕೆಂಪಗೆ ಕಾದಿತು. "ಎಳೀತೀನಮ್ಮಾ, ಎಳೀತೀನಿ!" ಅಂತು ಮೈಕು. "ತಮ್ಮ ಅಪ್ಪಣೆ ಆದ್ಮೇಲೆ ಎಳೀದೆ ಇರೋಕಾಗುತ್ತಾ?"

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಸೊಸೆ ಮೇಲಿನ ಕೋಪ ಕೇಬಲ್ ಮೇಲೆ ಬಿತ್ತು. ಚಕ್ರ ತಿರುಗಿತು ನೋಡಿ! ಹಂತವಿಲ್ಲ, ನಿಲುಗಡೆಯಿಲ್ಲ. ಸೊಸೆ ಗೂಡಿನಿಂದ ಹೊರಗೆ ಹಾರಿ ಓಡುತ್ತಾ ಬಡಕೊಂಡಳು: "ಅಯ್ಯೋ ಅತ್ತೆ, ಎಳೆ ಅಂದ್ರೆ ಎಳೆ ಅಲ್ಲ! ಎಳೆ!" ಇದರಿಂದ ಏನು ತಿಳಿಯಬೇಕು, ಮಣ್ಣು? ಅತ್ತೆಗೆ ಕೇಳಿದ್ದು ಇನ್ನೂ ಮೂರು ಏಕವಚನ. ಮುಳ್ಳು ಕೆಂಪು ಗೆರೆ ದಾಟಿತು, ಅದರಾಚೆಯ ಗೆರೆಯನ್ನೂ ದಾಟಿತು, ಆಮೇಲೆ ಫಟ್! ಕೇಬಲ್ ಎರಡು ತುಂಡು.

ಸೊಸೆ ಶೆಡ್ಡಿನ ನಡುವೆ ತಲೆ ಮೇಲೆ ಕೈಹೊತ್ತು ನಿಂತಳು. ದಪ್ಪಸ್ವಾಮಿ ಆಗಲೇ ಯಾರಿಗೋ ಹಸಿರು ಬಣ್ಣದ ವಿಷಯ ಹೇಳುತ್ತಿದ್ದರು.

ಆಗ ಗೂಡಿನಿಂದ ಪರೀಕ್ಷಕರು ಕಿವಿಯ ಬಟ್ಟಲು ತೆಗೆಯುತ್ತಾ ಹೊರಬಂದರು. ಅವರಿಗೆ ಎಳೆಯೂ ಕೇಳಿರಲಿಲ್ಲ, ಎಳೀರಿಯೂ ಕೇಳಿರಲಿಲ್ಲ. ಪುಣ್ಯಾತ್ಮರು ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

"ಭೇಷ್! ಒಂದೇ ಉಸಿರಿಗೆ ಎಳೆಸಿದ್ರಲ್ಲ, ಏನು ಧೈರ್ಯ ನಿಮ್ದು! ಶುರುವಲ್ಲಿ ಒಂದು ಬೆಳಕು ಇಳಿದಿತ್ತು, ಎಳೀತಾ ಎಳೀತಾ ಅದೂ ಸರಿಹೋಯ್ತು. ಯಾಕೆ, ಎಲ್ರೂ ಹೀಗೆ ನಿಂತಿದ್ದೀರಿ? ಯಾರಿಗೇನಾಯ್ತು?"

ಸೊಸೆ ಹರಿದ ತುಂಡನ್ನು ಎತ್ತಿ ನೋಡಿದಳು. ಹಿಡಿಕೆ ಕಚ್ಚಿದ ಕಡೆ ಒತ್ತಿದ ಗುರುತೊಂದು ಬಿದ್ದಿತ್ತು. ಆ ಹಿಡಿಕೆ ಹಳೇ ದಪ್ಪ ಕೇಬಲ್ಲಿನ ಅಳತೆಯದು. ತೆಳ್ಳಗಿನದು ಜಾರದಿರಲಿ ಅಂತ ಶೆಡ್ಡಿನವರು ನಡುವೆ ತಗಡು ತುರುಕಿದ್ದರು, ಅದರ ಅಂಚು ಎಳೆಯನ್ನು ಅಮುಕಿತ್ತು. ಎಳೆದಾಗ ಕೇಬಲ್ ಚೂರು ಸರಿದು ಆ ಎಳೆಗೆ ಬಿಡುಗಡೆಯಾಗಿತ್ತು. ತಪ್ಪು ಕೇಬಲ್ಲಿನದಲ್ಲ! ಅವಳಿಗೆ ಕುಣಿಯಬೇಕು ಅನ್ನಿಸಿತು.

"ಆದ್ರೆ ಇದನ್ನ ಹೀಗೇ ಒಪ್ಕೊಳ್ಳೋಕಾಗಲ್ಲ," ಅಂದರು ಪರೀಕ್ಷಕರು. "ಹಂತ ಹಂತವಾಗಿ ನಿಲ್ಲಿಸಿ ಎಳೀಬೇಕು ಅಂತ ನಿಯಮ. ನಾಳೆ ಇನ್ನೊಂದು ತುಂಡು ಹಾಕಿ. ಇದೇ ಅಮ್ಮ ಎಳೀಬೇಕು. ಅಷ್ಟು ಸಮವಾದ ಕೈ ನಾನೆಲ್ಲೂ ನೋಡಿಲ್ಲ. ನಾಳೆ ಸಂಜೆ ನಾನು ಹೊರಡ್ತೀನಿ, ಅಷ್ಟರೊಳಗೆ ಆಗ್ಬೇಕು."

ಎಲ್ಲರೂ ಅಮ್ಮನ ಕಡೆ ತಿರುಗಿದರು. ಅಮ್ಮ ಅಲ್ಲಿರಲಿಲ್ಲ. ಚಕ್ರದ ಮೇಲೆ ಕೈಗವಸು ಒಗೆದು ಮನೆಗೆ ಹೋಗಿದ್ದರು.

ಸಂಜೆ ಮನೆಯಲ್ಲಿ ಅತ್ತೆ ಒಲೆಯ ಹತ್ತಿರ, ಸೊಸೆ ಬಾಗಿಲ ಹತ್ತಿರ, ನಡುವೆ ಅತ್ತೆಗೆ ಮಗನೂ ಸೊಸೆಗೆ ಗಂಡನೂ ಆದ ಪ್ರಾಣಿ. ಅವನು ಕಾರು ಓಡಿಸಲು ಕಲಿಸುವವನು. ದಿನವಿಡೀ ಪರರ ತಪ್ಪಿಗೆ ತಾನು ಬ್ರೇಕು ಒತ್ತಿ ಬಂದವನು. ಸಮುದ್ರದ ಕೇಬಲ್ಲಿನಲ್ಲಿ ಅಲ್ಲಲ್ಲಿ ಒಂದೊಂದು ಡಬ್ಬಿ ಇರುತ್ತದೆ, ಸೊರಗಿ ಬಂದ ಬೆಳಕನ್ನು ಜೋರು ಮಾಡಿ ಮುಂದಕ್ಕೆ ಕಳಿಸುವುದು ಅದರ ಕೆಲಸ. ಏನು ಕಳಿಸುತ್ತಿದ್ದೇನೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಆ ಸಂಜೆ ಅವನ ಪಾಡೂ ಅದೇ.

"ಕೇಳೋ ಅವಳನ್ನ," ಅಂದರು ಅತ್ತೆ, "ಮೈಕಲ್ಲಿ ನಂಗೆ ಎಳೆ ಅಂದ್ಲೋ ಇಲ್ವೋ?"

"ಎಳೆ ಅಂದ್ಯಾ?" ಅಂದ ಗಂಡ.

"ಅಂದೆ ರೀ. ಆದ್ರೆ ಎಳೆ ಅಂತ ಅನ್ಲಿಲ್ಲ."

"ಅಂದ್ಳಂತೆ, ಆದ್ರೆ ಅನ್ಲಿಲ್ವಂತೆ," ಅಂದ ಅವನು ಅಮ್ಮನ ಕಡೆ ತಿರುಗಿ. ನೆಲದ ಮೇಲೆ ಇಲ್ಲದ ಬ್ರೇಕನ್ನು ಅವನ ಕಾಲು ಒತ್ತುತ್ತಿತ್ತು.

"ಎಳೆ ಅಂದ್ರೆ ಗಾಜಿನ ಎಳೆ ಕಣ್ರೀ! ನಾನು ಅವರಿಗೆ ಏಕವಚನ ಅಂತೀನಾ? ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದಿನ ನೀನು ಅಂದಿದೀನಾ? ಅಂದೆ ಅಂತ ನಂಬಿಬಿಟ್ರಲ್ಲ, ಅದು ನಂಗೆ ನೋವು."

ಇದನ್ನು ದಾಟಿಸುವ ಕೆಲಸ ಗಂಡನಿಗೆ ಇರಲಿಲ್ಲ. ಅತ್ತೆಗೆ ನೇರವಾಗಿಯೇ ತಲುಪಿತ್ತು. ಅವರು ಸೌಟನ್ನು ಪಾತ್ರೆಯಂಚಿಗೆ ಕುಟ್ಟಿದರು.

"ಗಾಜಿನದೇ ಇರ್ಲಿ, ಚಿನ್ನದ್ದೇ ಇರ್ಲಿ. ಶೆಡ್ಡಿನವರಿಗೆ ಕೇಳಿದ್ದೇನು? ನಾಳೆ ಬೆಳಗ್ಗೆ ಆ ಸ್ಪ್ಯಾನರಿನವನೂ ನಂಗೆ ಎಳೆ ಅಂತಾನೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಮೈಕಲ್ಲಿ ಹೋದ ಮರ್ಯಾದೆ ಮೈಕಲ್ಲೇ ವಾಪಸ್ ಬರ್ಬೇಕು. ಇಲ್ಲಾಂದ್ರೆ ಆ ಚಕ್ರ ನಾನು ಮುಟ್ಟಲ್ಲ."

ಮಾಡದ ತಪ್ಪಿಗೆ ಊರೆದುರು ಕ್ಷಮೆ ಕೇಳುವುದೇ? ಸೊಸೆಯ ಹಠವೇನು ಕಡಿಮೆಯದಲ್ಲ. ಆದರೆ ಕಣ್ಣು ಮುಚ್ಚಿದರೆ ಸಾಲುಸಾಲು ಹಸಿರು ಡ್ರಮ್ಮು ಉರುಳಿಬರುತ್ತಿತ್ತು.

ಮರುದಿನ ಶೆಡ್ಡು ತುಂಬಿತ್ತು. ಕ್ಯಾಂಟೀನಿನವರೂ ಒಲೆ ಆರಿಸಿ ಬಂದಿದ್ದರು. ಹಿಡಿಕೆಯ ತಗಡು ತೆಗೆಸಿ ಸೊಸೆ ರಬ್ಬರ್ ಸುತ್ತಿಸಿದ್ದಳು. ಅತ್ತೆ ಬಂದು ಚಕ್ರದ ಪಕ್ಕ ಕೈಕಟ್ಟಿ ಕೂತರು, ಮುಖ ಸೀದಾ ಗೋಡೆಗೆ. ಪರೀಕ್ಷಕರು ಈ ಸಲ ಕಿವಿಯ ಬಟ್ಟಲು ಕೆಳಗಿಟ್ಟಿದ್ದರು. ಯಾರೋ ಅವರಿಗೆ ವಿಷಯ ಊದಿದ್ದರು.

ಸೊಸೆ ಮೈಕು ಹಿಡಿದಳು. "ಪೂಜ್ಯ ಅತ್ತೆಯವರೇ," ಅಂದಳು. "ನಿನ್ನೆ ನಾನಂದಿದ್ದು ಗಾಜಿನ ಎಳೆ. ಕೇಳಿಸಿದ್ದು ಬೇರೆ. ಆಡಿದ ಬಾಯಿ ನಂದು, ಆದ್ರಿಂದ ತಪ್ಪೂ ನಂದು. ಇನ್ನುಮುಂದೆ ಎಳೆಗೆ ಫೈಬರ್ ಅಂತೀನಿ. ತಾವು ದಯಮಾಡಿ ಎಳೆಯುವಂಥವರಾಗಬೇಕು."

ಯಾರೋ ಕಿಸಕ್ಕೆಂದರು. ಅತ್ತೆ ತಿರುಗಿ ಒಂದು ನೋಟ ಎಸೆದರು, ಅಷ್ಟೇ. ಕಿಸಕ್ಕು ಗಂಟಲಲ್ಲೇ ಸತ್ತಿತು. ಆಮೇಲೆ ಅವರು ನಿಧಾನವಾಗಿ ಕೈಗವಸು ಏರಿಸಿದರು.

ಎಳೀರಿ ಅತ್ತೆ, ಸಾಕು ಅತ್ತೆ. ಎಳೀರಿ ಅತ್ತೆ, ಸಾಕು ಅತ್ತೆ. ಎಳೆಗಳೆಲ್ಲ ಬೆಳಗುತ್ತಲೇ ಇದ್ದವು. ಮುಳ್ಳು ತೆವಳಿ ತೆವಳಿ ಕೆಂಪು ಗೆರೆ ಮುಟ್ಟಿತು, ದಾಟಿತು. ಪರೀಕ್ಷಕರು ತಲೆದೂಗಿ ಸಹಿ ಹಾಕಿದರು. ದಪ್ಪಸ್ವಾಮಿ ಕೂಡ ಚಪ್ಪಾಳೆ ತಟ್ಟಿದರು ಅಂದಮೇಲೆ ಕೇಳಬೇಕೇ. ಸೊಸೆಗೆ ಕಾಲು ನೆಲದ ಮೇಲಿರಲಿಲ್ಲ.

ಉಳಿದದ್ದು ಕೊನೆಯ ಕೆಲಸ. ಗೆದ್ದ ಕೇಬಲ್ಲನ್ನೂ ಹರಿಯುವ ತನಕ ಎಳೆಯಬೇಕು, ಅದರ ತಾಕತ್ತು ಎಲ್ಲಿಗೆ ಮುಗಿಯುತ್ತದೆ ಅಂತ ಮಾಡಿದವಳಿಗೆ ಗೊತ್ತಿರಬೇಕು.

"ಪೂರ್ತಿ ಎಳೆದುಬಿಡಿ ಅತ್ತೆ," ಅಂದಳು.

ಚಕ್ರ ಅಲುಗಲಿಲ್ಲ. ಮೈಕು ಒಮ್ಮೆ ಕೆಮ್ಮಿತು.

"ಹರೀಲೇಬೇಕೇನೇ?" ಅಂದರು ಅತ್ತೆ. "ಇಷ್ಟು ಚೆನ್ನಾಗಿದೆಯಲ್ಲ. ನಿನ್ನೆ ಸಿಟ್ಟಿತ್ತು, ಹರಿದ್ಬಿಟ್ಟೆ. ಇವತ್ತು ಕೈ ಬರ್ತಿಲ್ಲ ಕಣೇ. ಅನ್ನ ನೀರು ಬಿಟ್ಟು ಇದರ ಹಿಂದೆ ಬಿದ್ದಿದ್ದೆಯಲ್ಲ, ನಾನು ನೋಡಿಲ್ವಾ?"

ಮೈಕಿನಲ್ಲಿ ಆಡುತ್ತಿದ್ದೇನೆ ಅನ್ನುವುದು ಅತ್ತೆಗೆ ಮರೆತೇಹೋಗಿತ್ತು. ಸೊಸೆ ಮೈಕಿಗೆ ಬಾಗಿದಳು. ರಾತ್ರಿಯೆಲ್ಲ ಕೂಡಿಸಿಟ್ಟ ಬಹುವಚನಗಳಲ್ಲಿ ಒಂದಾದರೂ ಸಮಯಕ್ಕೆ ಬರಬೇಡವೇ? ಪರದೆ ಕಣ್ಣಿಗೆ ಮಂಜಾಯಿತು, ಗಾಜಿನಾಚೆ ದೂರದಲ್ಲಿ ಚಕ್ರ ಹಿಡಿದು ಕೂತ ಹೆಂಗಸೊಬ್ಬರೇ ಕಂಡರು.

"ಅಮ್ಮಾ," ಅಂದಳು. "ಎಳೆ."

ದಪ್ಪಸ್ವಾಮಿ ಕಣ್ಣು ಮುಚ್ಚಿಕೊಂಡರು. ಈ ಸಲ ಗಾಜಿನ ನೆಪವೂ ಇರಲಿಲ್ಲ.

ಅತ್ತೆ ಗೂಡಿನ ಕಡೆ ನೋಡಿದರು. ಕೈಗವಸಿನಲ್ಲೇ ಮೂಗು ಒರೆಸಿಕೊಂಡರು.

"ಹೂಂ ಕಣೇ, ತಾಳು," ಅಂದು ಚಕ್ರ ತಿರುಗಿಸಿದರು.