ಏಳನೆಯ ಕಲಮು

ಇವತ್ತು ಹನ್ನೊಂದು ಮಾತು, ಎಂದು ಅವಳು ಡೈರಿಯಲ್ಲಿ ಬರೆದಳು. ಬೆಳಗಿನಿಂದ ಸಂಜೆಯವರೆಗೆ ಬಾಯಿಬಿಟ್ಟು ಆಡಿದ್ದು ಅಷ್ಟೇ. ಬೆರಳು ಮಡಿಸಿ ಎಣಿಸಿದ್ದಳು. ಹೀಗೇ ಬಿಟ್ಟರೆ ಗಂಟಲು ತುಕ್ಕು ಹಿಡಿದೀತೆಂಬ ಹೆದರಿಕೆ ಅವಳಿಗೆ. ಪೆನ್ನು ಇನ್ನೊಂದು ಸಾಲು ಸೇರಿಸಿತು: ಅದರಲ್ಲಿ ಎರಡು ಸುಳ್ಳು.

ಆ ಎರಡು ಮಾತು, "ಮಾವ ಇಲ್ಲ." ಫೋನು ಮಾಡಿದ್ದು ನಿವೃತ್ತ ಬಸ್ ಡ್ರೈವರು, ಹೋದ ವರ್ಷ ಅವಳ ಸೋದರಮಾವನಿಗೆ ಮನೆ ಬರೆದುಕೊಟ್ಟವನು. "ಮೂರು ಕಂತು ಬಂದಿಲ್ಲ ಅಂತ ಬ್ಯಾಂಕಿನವ್ರು ಬಾಗಿಲಿಗೆ ಬಂದಿದಾರಮ್ಮ. ಮನೆ ಕೊಟ್ಟಾಯ್ತಲ್ಲ, ಇನ್ನೂ ನನ್ನನ್ಯಾಕೆ ಹಿಡೀತಾರೆ?" ಮಾವ ಎದುರಿನ ಕುರ್ಚಿಯಲ್ಲೇ ಕೂತು, ಇಲ್ಲ ಅನ್ನು ಎಂದು ಬೆರಳಾಡಿಸಿದ್ದರು.

ಮಾವನದು ಕೈಯಿಂದ ಕಾಸು ಬಿಚ್ಚದ ವ್ಯಾಪಾರ. ಕಂತು ಕಟ್ಟಲಾಗದೆ ಸೋತವರ ಮನೆಯನ್ನು ಸಾಲದ ಸಮೇತ ತೆಗೆದುಕೊಳ್ಳುವುದು, ಬಾಡಿಗೆಗೆ ಬಿಡುವುದು, ಬಂದ ಬಾಡಿಗೆಯಲ್ಲಿ ಅವರ ಕಂತು ಕಟ್ಟಿ ಮಿಕ್ಕಿದ್ದನ್ನು ಜೇಬಿಗಿಳಿಸುವುದು. "ಒಲೆ ಅವರದು, ಸೌದೆ ಇನ್ನೊಬ್ಬರದು, ಚಳಿ ಕಾಯಿಸಿಕೊಳ್ಳೋರು ನಾವು," ಎಂದು ನಗುತ್ತಿದ್ದರು. ಬಾಡಿಗೆದಾರ ಬಿಟ್ಟುಹೋದರೆ ಮಾತ್ರ ಒಲೆ ಆರುತ್ತಿತ್ತು, ಕಂತು ನಿಲ್ಲುತ್ತಿತ್ತು. ಆಗ ಸುಡುತ್ತಿದ್ದುದು ಸಾಲ ಯಾರ ಹೆಸರಿನಲ್ಲಿದೆಯೋ ಅವರ ಕೈ.

ಅಮ್ಮ ತೀರಿಕೊಂಡ ಮೇಲೆ, ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದವಳಿಗೆ ಇರಲು ಆಫೀಸಿನ ಹಿಂದಿನ ಕೋಣೆ ಕೊಟ್ಟವರು ಮಾವನೇ. ಖಾಲಿ ಮನೆಗಳ ಕಿಟಕಿ ತೆರೆದು ಗಾಳಿಯಾಡಿಸುವುದು ಅವಳ ಕೆಲಸ. ಯಾರದೋ ಮಗು ಬೆಳೆದ ಎತ್ತರವನ್ನು ಪೆನ್ಸಿಲಿನಲ್ಲಿ ಗೀಚಿದ ಗೋಡೆಗೆ ಒರಗಿ ಒಬ್ಬಳೇ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಇನ್ನೊಂದು ಕೆಲಸ, ಮನೆ ಕೊಡಲು ಬಂದವರಿಗೆ ಕರಾರುಪತ್ರ ಓದುವುದು.

"ನೀನು ಓದಿದ್ರೆ ಜೋಗುಳ ಕೇಳಿದ ಹಾಗಿರತ್ತೆ ಕಣೇ. ಯಾರೂ ಮಧ್ಯೆ ಬಾಯಿ ಹಾಕಲ್ಲ. ಏಳನೇ ಕಲಮು ಬಂದಾಗ ಮಾತ್ರ ನಿಲ್ಲಿಸಿ ಉಸಿರು ತಗೋಬೇಡ," ಎನ್ನುತ್ತಿದ್ದರು ಮಾವ.

ಮರುದಿನ ಬಂದವಳು ಬಟ್ಟೆ ಹೊಲಿಯುವ ಹೆಂಗಸು. ಅಳತೆ ಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ಕಾಯಿಲೆಯ ತಂಗಿಯ ಜೊತೆ ಇರಲು ಸಾಲದ ಮನೆಯನ್ನು ಮಾವನಿಗೆ ಬಿಟ್ಟು ಹೊರಟಿದ್ದಳು. ಕೂತವಳೇ ಹುಡುಗಿಯ ಕೈ ಹಿಡಿದೆಳೆದಳು. "ತೋಳು ಒಂದಿಂಚು ಜಾಸ್ತಿಯಾಗಿದೆಯಲ್ಲೇ! ಯಾವ ಪುಣ್ಯಾತ್ಮ ಹೊಲಿದಿದ್ದು? ಬಿಚ್ಚಿಕೊಡು, ಸರಿಮಾಡ್ತೀನಿ."

ತನ್ನ ತೋಳು ಉದ್ದವಾಗಿದೆಯೆಂದು ಅಮ್ಮ ಹೋದ ಮೇಲೆ ಯಾರೂ ನೋಡಿರಲಿಲ್ಲ. ಅವಳು ಕಾಗದ ಅಡ್ಡ ಹಿಡಿದು ಓದಲು ಶುರುಮಾಡಿದಳು. ಏಳನೆಯದು ಬಂತು. 'ಸದರಿ ಋಣಭಾರವು ಮಾಲೀಕರ ಹೆಸರಿನಲ್ಲಿಯೇ ಮುಂದುವರಿಯತಕ್ಕದ್ದು.' ರೂಢಿಯಂತೆ ಒಂದೇ ಉಸಿರಿನಲ್ಲಿ ದಾಟಿಸಿಬಿಟ್ಟಳು. ಹೊಲಿಯುವವಳು ಆಕಳಿಸಿ ಪೆನ್ನು ತೆಗೆದುಕೊಂಡಳು.

"ಅಂದ್ರೆ ಇವತ್ತಿಂದ ಸಾಲ ನನ್ನ ತಲೆ ಮೇಲಿಲ್ಲ, ಅಲ್ವಾ?"

"ನಿಶ್ಚಿಂತೆಯಾಗಿ ತಂಗಿ ಹತ್ರ ಹೋಗಿ ಅಕ್ಕ," ಎಂದರು ಮಾವ.

"ನಿಮ್ಮನ್ನಲ್ಲ ಕೇಳಿದ್ದು. ಓದಿದೋಳು ಹೇಳ್ಲಿ."

ಮಾವ ನಕ್ಕರು. "ಅವಳೆಲ್ಲಿ ಹೇಳ್ತಾಳೆ? ಬಾಯಿ ತೆರೆದ್ರೆ ಮುತ್ತು ಉದುರಿಹೋಗತ್ತೆ ಅಂತ ತೆರೆಯೋದೇ ಇಲ್ಲ!"

ಹಿಂದಿನ ಕೋಣೆಯ ಬೀಗದ ಕೈ ಅವಳ ಮುಷ್ಟಿಯಲ್ಲಿ ಒತ್ತುತ್ತಿತ್ತು. ಅದೇ ಬೀಗದ ಇನ್ನೊಂದು ಕೈ ಮಾವನ ಮೇಜಿನ ಡ್ರಾಯರಿನಲ್ಲಿತ್ತು. ಪೆನ್ನಿನ ತುದಿ ಕಾಗದ ಮುಟ್ಟಿತು. ಅವಳು ಗಂಟಲು ಸರಿಮಾಡಿಕೊಂಡಳು. ಮೊದಲು ಬಂದದ್ದು ಬರೀ ಗಾಳಿ. ಮಾವನ ಬೆರಳು ಆಡತೊಡಗಿತು. ಅವಳು ಆ ಕಡೆ ನೋಡಲಿಲ್ಲ.

"ಇಲ್ಲ ಅಕ್ಕ," ಎಂದಳು. "ಸಾಲ ನಿಮ್ಮ ಹೆಸರಲ್ಲೇ ಇರತ್ತೆ. ಮಾವ ಕಟ್ಟೋದು ನಿಲ್ಲಿಸಿದ್ರೆ ಬ್ಯಾಂಕಿನವ್ರು ನಿಮ್ಮನ್ನೇ ಹುಡುಕ್ಕೊಂಡು ಬರ್ತಾರೆ."